ಬೀದೀಲಿ ಕುಪ್ಪಳಿಸೋ ದಪ್ಪ ಕಪ್ಪೆ

ಇವತ್ತು ಕೋಡಿಂಗ್ ಬೇಡ, ಕಪ್ಪೆ ವಿಷಯ ಮಾತಾಡೋಣ.

ನಾನು ಪುಣೆಗೆ ಬಂದ ಹೊಸದರಲ್ಲಿ ನಮ್ಮ ಅರ್ಧ ಟೀಮ್ ಹಾಂಗ್‌ಕಾಂಗ್‌ನಲ್ಲಿತ್ತು. ಆಗ ಒಂದು ಷೇರು ಟಿಪ್ಸ್ ಗ್ರೂಪಿಗೆ ಸೇರಿದ್ದೆ. ದಿನಕ್ಕೆ ಶೇ. 3 ಲಾಭ ಗ್ಯಾರಂಟಿ ಅಂದಿದ್ರು. ಹಾಕಿದ 20 ಸಾವಿರ, ವಾರದಲ್ಲಿ ಅವರ ಆಪ್‌ನಲ್ಲಿ 23 ಸಾವಿರ ಆಗಿತ್ತು. ಖುಷಿಯಿಂದ ಕಾಲ್‌ನಲ್ಲಿ ಹೇಳಿದೆ. ಹಾಂಗ್‌ಕಾಂಗಿನ ಸಹೋದ್ಯೋಗಿ ನಕ್ಕು, "ಅಷ್ಟು ದಪ್ಪ ಕಪ್ಪೆ ಬೀದಿ ತುಂಬಾ ಕುಪ್ಪಳಿಸ್ಕೊಂಡು ಇರುತ್ತಾ?" ಅಂದ್ರು.

ಇದು ಹಾಂಗ್‌ಕಾಂಗ್, ಮಕಾವ್, ಚೀನಾದ ಗ್ವಾಂಗ್‌ಡಾಂಗ್ ಕಡೆ ಆಡುವ ಕ್ಯಾಂಟನೀಸ್ ಭಾಷೆಯ ಮಾತು. ಅಲ್ಲಿ ಕಪ್ಪೆ ಇಷ್ಟಪಟ್ಟು ತಿನ್ನೋ ಆಹಾರ. ಅಂಥದ್ದು ಬೀದೀಲಿ ಸಿಗೋದಾದ್ರೆ, ಯಾರೋ ಆಗಲೇ ಹಿಡಿದು ಅಡುಗೆ ಮಾಡಿರ್ತಿದ್ರು. ಇನ್ನೂ ನಿಮಗೋಸ್ಕರ ಕುಪ್ಪಳಿಸ್ತಿದೆ ಅಂದ್ರೆ ಏನೋ ಮೋಸ ಇದೆ.

ದುರಾಸೆಗೆ ಅವರಲ್ಲಿ ಇನ್ನೂ ಮಾತುಗಳಿವೆ. 'ಫಾಟ್ ಚಿನ್ ಹೋನ್' ಅಂದ್ರೆ ದುಡ್ಡಿನ ಚಳಿಜ್ವರ. ಸದಾ ದುಡ್ಡು ದುಡ್ಡು ಅನ್ನೋರಿಗೆ ಹೇಳೋದು. 'ಸಿಕ್ ಸೋಯ್ ಸಮ್' ಹಡಗಿನಿಂದ ಬಂದಿದ್ದು. ಸರಕು ತುಂಬಿದಷ್ಟೂ ಹಡಗು ನೀರಲ್ಲಿ ಆಳಕ್ಕೆ ಕೂರುತ್ತೆ. ಹಾಗೆ ವಿಪರೀತ ಲಾಭ ಹೊಡೆಯೋರಿಗೆ ಈ ಮಾತು. ನಮ್ಮ ಬಾಡಿಗೆ ಮನೆ ಬ್ರೋಕರ್‌ಗಳು ನೆನಪಾದ್ರಾ? ಹಿಂದೆಮುಂದೆ ನೋಡದೆ ನುಗ್ಗಿದರೆ 'ಮಾಂಗ್ ಚುಂಗ್ ಚುಂಗ್'.

ನನಗೆ ಹೆಚ್ಚು ತಟ್ಟಿದ್ದು ಬರವಣಿಗೆಯ ಆಟ. ದುರಾಸೆಗೆ 'ತಾಮ್', ಬಡತನಕ್ಕೆ 'ಪನ್'. ಎರಡು ಅಕ್ಷರಗಳೂ ನೋಡೋಕೆ ಹೆಚ್ಚುಕಡಿಮೆ ಒಂದೇ. ಎರಡರ ಕೆಳಗೂ ಕವಡೆಯ ಚಿಹ್ನೆ ಇದೆ. ಹಳೇ ಕಾಲದಲ್ಲಿ ಕವಡೆಯೇ ಹಣ. ಅದಕ್ಕೇ ಅವರು, 'ತಾಮ್' ಬರೆಯೋಕೆ ಹೋದ್ರೆ ಸಿಗೋದು 'ಪನ್' ಅಂತಾರೆ. ನಮ್ಮ 'ಅತಿ ಆಸೆ ಗತಿ ಕೇಡು' ಕೂಡ ಅದೇ ಅಲ್ವಾ?

ಆದ್ರೆ ಗಾದೆ ನೆನಪಾಗೋದು ಗತಿ ಕೆಟ್ಟ ಮೇಲೆ. ಕಪ್ಪೆ ಮಾತು ಮೊದಲೇ ಒಂದು ಪ್ರಶ್ನೆ ಕೇಳುತ್ತೆ: ಇಷ್ಟು ಒಳ್ಳೇದು ನನ್ನ ತನಕ ಯಾಕೆ ಬಂತು?

ನಾನು ಕೇಳಿಕೊಳ್ಳಲಿಲ್ಲ. ಸೋಮವಾರ ಇನ್ನೂ 80 ಸಾವಿರ ಹಾಕಿದೆ, ತಂಗಿ ಫೀಸಿಗೆ ಅಂತ ಇಟ್ಟಿದ್ದು. ದುಡ್ಡು ತೆಗೆಯೋಕೆ ಹೋದಾಗ "ಮೊದಲು ಟ್ಯಾಕ್ಸ್ ಕಟ್ಟಿ" ಅಂದ್ರು. ಮಾರನೇ ದಿನ ಗ್ರೂಪೇ ಇರಲಿಲ್ಲ. ಮನೇಲಿ ಹೇಳೋಕೆ ಎರಡು ತಿಂಗಳು ಬೇಕಾಯ್ತು, ನಾಚಿಕೆ.

ನೀವು ಹಾಗೆ ಕಾಯಬೇಡಿ. ಸಿಕ್ಕಿಹಾಕಿಕೊಂಡಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ. ಇನ್ನೂ ಸಿಕ್ಕಿಲ್ಲ ಅಂದ್ರೆ, ಕಪ್ಪೆ ನೆನಪಿರಲಿ. ಮತ್ತೆ ಸಿಗೋಣ.