ಕಟ್ಟಿ ತೋರಿಸು, ಆಮೇಲೆ ದುಡ್ಡು

ವೀಕ್ಷಕರೇ, 'ಬಡವರಿಗೆ ಮನೆ ಮಂಜೂರು' ಅನ್ನೋ ಸುದ್ದಿಯನ್ನು ಇದೇ ಕುರ್ಚಿಯಲ್ಲಿ ಕೂತು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಆದರೆ ಮಂಜೂರಾಗೋದು ಮನೆಯಲ್ಲ, ಸಹಾಯಧನ. ಎರಡಕ್ಕೂ ಇರುವ ಅಂತರ ಏನು ಅಂತ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿ ಮುಂದೆ ದುಡಿಯುವವರನ್ನು ಕೇಳಿ. ಮಳೆಗಾಲ ಬಂದರೆ ತುಂಗಭದ್ರೆಯ ಮೇಲೆ ಕಣ್ಣಿಟ್ಟು ಕೂರುವ ಹರಿಹರದ ಗಂಗಾನಗರದವರನ್ನು ಕೇಳಿ.

ಲೆಕ್ಕ ನೋಡೋಣ. ನಗರಗಳಿಗಾಗಿ ಪ್ರಧಾನಮಂತ್ರಿ ಆವಾಸ್ ಯೋಜನೆ ಶುರುವಾಗಿದ್ದು 2015ರ ಜೂನ್ 25ರಂದು. ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳುವ ಬಡ ಕುಟುಂಬಕ್ಕೆ ಕೇಂದ್ರ ಕೊಡೋದು 1.5 ಲಕ್ಷ ರೂಪಾಯಿ. ವಾಜಪೇಯಿ ನಗರ ವಸತಿ ಯೋಜನೆಯಡಿ ಸಾಮಾನ್ಯ ವರ್ಗದವರಿಗೆ ರಾಜ್ಯ ಸೇರಿಸೋದು 1.2 ಲಕ್ಷ. ಒಟ್ಟು 2.7 ಲಕ್ಷ. ಪರಿಶಿಷ್ಟರಿಗೆ ರಾಜ್ಯದ ಪಾಲು ಸ್ವಲ್ಪ ಹೆಚ್ಚು.

ಇಷ್ಟರಲ್ಲಿ ಮನೆ ಆಗುತ್ತಾ? ಸರ್ಕಾರದ ಲೆಕ್ಕವನ್ನೇ ಹಿಡಿಯಿರಿ. ಕೊಳಚೆ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಿಸುವ ಒಂದು ಮನೆಗೆ ಸುಮಾರು 7.5 ಲಕ್ಷ ಖರ್ಚು. ಫಲಾನುಭವಿಗಳಿಗೆ ತಮ್ಮ ಪಾಲು ಹೊಂದಿಸೋಕೆ ಆಗಲಿಲ್ಲ, ಮನೆಗಳು ಅರ್ಧಕ್ಕೆ ನಿಂತವು. ಕೊನೆಗೆ 2023ರ ಡಿಸೆಂಬರ್‌ನಲ್ಲಿ ರಾಜ್ಯ ಸಂಪುಟವೇ ಆ ಹೊರೆಯ ದೊಡ್ಡ ಭಾಗ ಹೊರಲು ತೀರ್ಮಾನಿಸಿತು. ಒಳ್ಳೆಯ ಕೆಲಸವೇ. ಆದರೆ ಅದು ಸರ್ಕಾರ ಕಟ್ಟಿಸಿಕೊಡುವ ಮನೆಗಳ ಮಾತು. ಸ್ವಂತ ಜಾಗದಲ್ಲಿ ತಾನೇ ಕಟ್ಟುವವನ ಕಥೆ ಬೇರೆ.

ಅವನಿಗೆ ಹಣ ಬರೋದು ಕಂತಿನಲ್ಲಿ. ತಳಪಾಯ, ಲಿಂಟಲ್, ಛಾವಣಿ, ಆಮೇಲೆ ಪೂರ್ತಿ ಮನೆ. ಪ್ರತಿ ಹಂತಕ್ಕೂ ಜಿಪಿಎಸ್ ಫೋಟೋ ತೆಗೆದ ಮೇಲೇ ದುಡ್ಡು. ಕಳ್ಳಬಿಲ್ ತಡೆಯೋಕೆ ಇದು ಬೇಕು, ಒಪ್ಪೋಣ. ಆದರೆ ತಳಪಾಯಕ್ಕೆ ಮೊದಲ ದುಡ್ಡು ಹಾಕೋರು ಯಾರು? ದಿನಗೂಲಿಯವನಿಗೆ ಬ್ಯಾಂಕ್ ಬಾಗಿಲು ತೆಗೆಯಲ್ಲ, ಬಡ್ಡಿಯವನು ತೆಗೀತಾನೆ. ಹಳೇ ಮನೆ ಕೆಡವಿದ್ದರೆ ಬಾಡಿಗೆ ಬೇರೆ. ಮನೆ ಕಟ್ಟಿ ನೋಡು ಅಂತ ಗಾದೆ ಹೇಳ್ತು, ಸರ್ಕಾರ 'ಕಟ್ಟಿ ತೋರಿಸು' ಅಂತಿದೆ!

ಇನ್ನು ಹಕ್ಕುಪತ್ರ ಇಲ್ಲದವರು ಈ ಸಾಲಿನಲ್ಲಿ ನಿಲ್ಲೋಕೂ ಆಗಲ್ಲ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬದುಕಿದ್ದರೂ ಅಷ್ಟೆ.

2024ರಲ್ಲಿ ಯೋಜನೆಯ ಎರಡನೇ ಆವೃತ್ತಿ ಬಂತು, '2.5 ಲಕ್ಷ ನೆರವು' ಅಂತ ಸುದ್ದಿಯಾಯಿತು. ಬಿಡಿಸಿ ನೋಡಿದರೆ, ನಮ್ಮಂಥ ರಾಜ್ಯಗಳಿಗೆ ಕೇಂದ್ರದ ಪಾಲು ಅದೇ 1.5 ಲಕ್ಷ, ಉಳಿದ 1 ಲಕ್ಷ ರಾಜ್ಯದ್ದು. ಈ ಒಂಬತ್ತು ವರ್ಷದಲ್ಲಿ ಸಿಮೆಂಟು, ಕಬ್ಬಿಣ, ಗಾರೆಯವನ ಕೂಲಿ ಎಲ್ಲಿಗೆ ಹೋಗಿವೆ ಅಂತ ನಿಮಗೇ ಗೊತ್ತು.

ಹಾಗಾಗಿ ನಾನು ಕೇಳೋದು ಮೂರೇ. ಅರ್ಜಿಗೆ ಮುಂಚೆ ಹಕ್ಕುಪತ್ರ ಕೊಡಿ. ತಳಪಾಯಕ್ಕೆ ಮುಂಗಡ ಕೊಡಿ, ಆಮೇಲೆ ಬೇಕಾದಷ್ಟು ಫೋಟೋ ತೆಗೀರಿ. ನದಿ ನುಗ್ಗುವ ಕಡೆ ಇರುವವರಿಗೆ ಎತ್ತರದ ಜಾಗ ಹುಡುಕಿ. ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ ಅಂತ ಎರಡೂ ಊರಿಗೆ ಸೇರಿ ಒಂದು ಸಂಸ್ಥೆ ಇದೆಯಲ್ಲ, ಅದು ಮುಂದೆ ಬರಲಿ. ಇಷ್ಟಾದ ಮೇಲೆ 'ಮನೆ ಮಂಜೂರು' ಅನ್ನಿ. ಸಂತೋಷವಾಗಿ ಓದ್ತೀನಿ.