ಕೈಗೆ ಬಾರದ ವಿದ್ಯೆ

ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದರು. ಅಲ್ಲಿ ತಯಾರಾಗುವ ವಿಭೂತಿಯು ನಾಡಿನಲ್ಲೆಲ್ಲ ಹೆಸರಾದುದು. ಆಕಳ ಸಗಣಿಯನ್ನು ಸುಟ್ಟು, ಬೂದಿಯನ್ನು ಸೋಸಿ, ಗಟ್ಟಿಗಳನ್ನು ಕಟ್ಟುವ ಆ ಕೆಲಸವು ಬರಿಯ ಗ್ರಂಥಪಠನದಿಂದ ಬರತಕ್ಕುದಲ್ಲ. ಬಲ್ಲವರ ಮಗ್ಗುಲಲ್ಲಿ ಕುಳಿತು, ಒಂದೆರಡು ಸಲ ಕೆಡಿಸಿಯೇ ಅದನ್ನು ಕಲಿಯಬೇಕು.

ಈ ಮಾತನ್ನು ನಾವು ಇಂದು ಎತ್ತಿದುದಕ್ಕೆ ಕಾರಣವುಂಟು. ಬಾಗಲಕೋಟೆ, ಹುನಗುಂದ, ಇಳಕಲ್ಲಗಳಂಥ ಊರುಗಳ ತರುಣ ತರುಣಿಯರು ಇಂದು ಇಲೆಕ್ಟ್ರಾನಿಕ್ಸನ್ನೂ ಪ್ರೋಗ್ರಾಮಿಂಗನ್ನೂ ಕಲಿಯಲು ಇಂಟರ್ನ್‌ಗಳಾಗಿ ಸೇರುತ್ತಾರೆ. ಹಿಂದೆ ಕಚೇರಿಗಳಲ್ಲಿ ಉಮೇದವಾರರೆನಿಸಿಕೊಂಡವರ ಸ್ಥಾನವೇ ಇವರದು. ತಾಂತ್ರಿಕ ಶಿಕ್ಷಣದಲ್ಲಿ ಇದು ಪಠ್ಯಕ್ರಮದ ಅಂಗವೂ ಆಗಿದೆ. ಆದರೆ ಎಷ್ಟೋ ಕಡೆಗೆ ನಡೆಯುವುದೇನು? ಕೆಲವು ವಾರ ಪರದೆಯ ಮೇಲಿನ ಪಾಠ, ನಕಲು ಮಾಡಿದ ಪ್ರೋಗ್ರಾಮು, ಕೊನೆಗೊಂದು ಪ್ರಮಾಣಪತ್ರ! ಅದಕ್ಕಾಗಿ ಹಣ ತೆತ್ತ ಪಾಲಕರೂ ಇದ್ದಾರೆ.

ಆರಂಭದ ಪಾಠವು ದೊಡ್ಡದಾಗಿರಬೇಕೆಂದು ನಾವು ಹೇಳುವುದಿಲ್ಲ. 2005ರಲ್ಲಿ ಇಟಲಿಯ ಇವ್ರೆಯಾ ನಗರದಲ್ಲಿ ಹುಟ್ಟಿದ ಆರ್ಡುಯಿನೊ ಫಲಕವು ವಿದ್ಯಾರ್ಥಿಗಳಿಗಾಗಿಯೇ ರಚಿತವಾದುದು. ಅದರ 5 ವೋಲ್ಟಿನಿಂದ ಕೆಂಪು ಎಲ್‌ಇಡಿ ದೀಪವೊಂದನ್ನು ಹೊತ್ತಿಸುವುದೇ ಮೊದಲ ಪಾಠ. ದೀಪವು ಸುಮಾರು 2 ವೋಲ್ಟನ್ನು ತೆಗೆದುಕೊಳ್ಳುವುದು. ಉಳಿದ 3 ವೋಲ್ಟಿಗೆ 220 ಓಮಿನ ರೋಧಕವನ್ನಿಟ್ಟರೆ, ಓಮನ ನಿಯಮದಂತೆ ಸುಮಾರು 14 ಮಿಲಿ ಆಂಪಿಯರ್ ವಿದ್ಯುತ್ತು ಹರಿಯುವುದು. ರೋಧಕವನ್ನು ಮರೆತರೆ ದೀಪವೂ ಕೆಡಬಹುದು, ಫಲಕವೂ ಕೆಡಬಹುದು. ಪುಸ್ತಕದ ಸೂತ್ರಕ್ಕೆ ಜೀವ ಬರುವುದು ಇಲ್ಲಿ.

ಬಳಿಕ ದೀಪವನ್ನು ಮಿನುಗಿಸುವ ಪ್ರೋಗ್ರಾಮು: ಹೊತ್ತಿಸು, ತುಸು ತಡೆ, ಆರಿಸು, ತುಸು ತಡೆ, ಮತ್ತೆ ಮೊದಲಿನಿಂದ. ಎರಡನೆಯ 'ತಡೆ'ಯನ್ನು ಬಿಟ್ಟರೆ ದೀಪವು ಆರಿದ ಮರುಕ್ಷಣವೇ ಹೊತ್ತುವುದರಿಂದ, ಅದು ಆರುವುದೇ ಕಣ್ಣಿಗೆ ಕಾಣದು. ಹೊಸಬನು ಫಲಕವೇ ಕೆಟ್ಟಿದೆಯೆಂದು ದೂರುವನು. ಬಳಿಯಲ್ಲಿರುವ ಹಿರಿಯನು ತಪ್ಪನ್ನು ತಾನೇ ತಿದ್ದದೆ, "ನೀನು ಬರೆದುದನ್ನು ಒಂದೊಂದೇ ಸಾಲಾಗಿ ಓದಿ ಹೇಳು, ತಮ್ಮಾ" ಎಂದರೆ ಸಾಕು. ಯಂತ್ರವು ನಾವು ಬರೆದುದನ್ನು ಮಾಡುವುದೇ ಹೊರತು ಮನಸ್ಸಿನಲ್ಲಿದ್ದುದನ್ನಲ್ಲವೆಂಬುದು ಆ ಅರ್ಧ ತಾಸಿನಲ್ಲಿ ಮನದಟ್ಟಾಗುವುದು. ನಕಲು ಮಾಡಿದವನಿಗೆ ಈ ಲಾಭವಿಲ್ಲ. ಮುಂದೆ ನೌಕರಿಯಲ್ಲಿ ಯಂತ್ರವು ನಿಂತಾಗ ಅವನೂ ಅದರೊಡನೆ ನಿಲ್ಲಬೇಕಾದೀತು.

ಆದುದರಿಂದ ಕಂಪನಿಗಳ ಚಾಲಕರಲ್ಲಿ ನಮ್ಮ ವಿನಂತಿಯಿದು: ಒಬ್ಬೊಬ್ಬರಿಗೆ ಒಂದೊಂದು ಫಲಕ, ತಪ್ಪು ಮಾಡಲು ಅವಕಾಶ, ತಿಳಿಯದುದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬ ಹಿರಿಯ—ಇಷ್ಟನ್ನಾದರೂ ಕೊಡಿರಿ. ಕನ್ನಡ ಶಾಲೆಯಿಂದ ಬಂದ ಹುಡುಗನು ಬುದ್ಧಿಯಲ್ಲಿ ಹಿಂದಿಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಅಂಜಿ ಸುಮ್ಮನಾಗುತ್ತಾನೆ. ಕಾಲೇಜುಗಳ ಅಧಿಕಾರಿಗಳೂ ಪ್ರಮಾಣಪತ್ರಕ್ಕೆ ಅಂಕವನ್ನು ಕೊಡುವ ಮುನ್ನ, ವಿದ್ಯಾರ್ಥಿಯ ಮುಂದೆ ಫಲಕ, ರೋಧಕ, ದೀಪಗಳನ್ನಿಟ್ಟು "ಹೊತ್ತಿಸಿ ತೋರಿಸು" ಎಂದು ಹೇಳಲಿ. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು.