ಗಣಕಯಂತ್ರದ ಬೇರು ತುಂಬಿದಾಗ

ಗಣಕಯಂತ್ರವು ಇಂದು ಪಟ್ಟಣದ ಕಚೇರಿಗಳಿಗೆ ಮಾತ್ರ ಸೇರಿದ ವಸ್ತುವಾಗಿ ಉಳಿದಿಲ್ಲ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಶುಲ್ಕ, ಹೊಲದ ಪಹಣಿ ಇವೆಲ್ಲವೂ ಅದರ ಮೂಲಕವೇ ಸಾಗುತ್ತಿರುವುದರಿಂದ ನಮ್ಮ ಮಾನವಿ ತಾಲ್ಲೂಕಿನ ಹಳ್ಳಿಗಳಲ್ಲಿಯೂ ಹಳೆಯ ಲ್ಯಾಪ್‌ಟಾಪುಗಳು ಮನೆಗಳನ್ನು ಹೊಕ್ಕಿವೆ. ಇಂಥ ಹಳೆಯ ಯಂತ್ರಗಳಲ್ಲಿ ಅನೇಕರು ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಸಿಕೊಳ್ಳುತ್ತಾರೆ. ಕೆಲವು ಕಾಲ ಯಂತ್ರವು ಚೆನ್ನಾಗಿ ನಡೆಯುತ್ತದೆ. ಒಂದು ದಿನ ಅದು ನಿಧಾನವಾಗುತ್ತದೆ; ಮತ್ತೊಂದು ದಿನ ‘ಡಿಸ್ಕಿನಲ್ಲಿ ಜಾಗ ಉಳಿದಿಲ್ಲ’ ಎಂಬ ಸೂಚನೆ ತೆರೆಯ ಮೇಲೆ ಮೂಡುತ್ತದೆ. ಆಗ ಸಾಮಾನ್ಯವಾಗಿ ಎರಡು ಸಲಹೆಗಳು ಬರುತ್ತವೆ. ಒಂದು, ‘ಯಂತ್ರ ಮುದಿಯಾಯಿತು, ಬೇರೆಯದನ್ನು ಕೊಳ್ಳಿರಿ’ ಎಂಬುದು. ಇನ್ನೊಂದು, ‘ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಸಿರಿ’ ಎಂಬುದು. ಇವೆರಡೂ ನಾಡಿ ಹಿಡಿಯದೆ ಔಷಧ ಕೊಡುವ ರೀತಿ. ಮೊದಲು ಅಳೆಯಬೇಕು, ಆಮೇಲೆ ಅಳಿಸಬೇಕು. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬೇರು ಎಂದರೇನು?

ಲಿನಕ್ಸಿನ ಪೂರ್ವಜವಾದ ಯುನಿಕ್ಸ್ ವ್ಯವಸ್ಥೆಯು ೧೯೬೯ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಮುಂತಾದವರಿಂದ ರೂಪುಗೊಂಡಿತು. ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಲಿನಕ್ಸನ್ನು ಹೊರತಂದಾಗ ಅವನೂ ನಮ್ಮಂತೆ ಒಬ್ಬ ವಿದ್ಯಾರ್ಥಿಯೇ ಆಗಿದ್ದನು. ಈ ವ್ಯವಸ್ಥೆಗಳಲ್ಲಿ ಎಲ್ಲ ಕಡತಗಳೂ ಒಂದೇ ಮರದ ಕೊಂಬೆರೆಂಬೆಗಳಂತೆ ಹರಡಿಕೊಂಡಿರುತ್ತವೆ. ಆ ಮರದ ಬುಡಕ್ಕೆ ‘ರೂಟ್’ ಅಂದರೆ ಬೇರು ಎಂದು ಹೆಸರು. ಒಂದು ಓರೆಗೆರೆಯೇ ಅದರ ಗುರುತು. ಬುಡದಿಂದ ಮುಖ್ಯವಾಗಿ ಕೆಲವು ಕೊಂಬೆಗಳು ಒಡೆಯುತ್ತವೆ: ಕಾರ್ಯಕ್ರಮಗಳಿರುವ /ಯುಎಸ್‌ಆರ್, ಮಾರ್ಪಡುತ್ತಲೇ ಇರುವ ಕಡತಗಳ /ವಾರ್, ತಾತ್ಕಾಲಿಕ ಕಡತಗಳ /ಟಿಎಂಪಿ, ಬಳಕೆದಾರರ ಮನೆಯಾದ /ಹೋಮ್.

ಡಿಸ್ಕನ್ನು ಹೊಲವೆಂದು ತಿಳಿದರೆ ಪಾರ್ಟಿಷನ್ನುಗಳು ಬದು ಹಾಕಿದ ಮಡಿಗಳು. ಬೇರು ಇರುವ ಮಡಿಯೇ ರೂಟ್ ಪಾರ್ಟಿಷನ್. ಡಿಸ್ಕು ಒಟ್ಟು ೫೦೦ ಜಿ.ಬಿ. ಇದ್ದರೂ ಬೇರಿಗೆ ೩೦ ಜಿ.ಬಿ.ಯಷ್ಟೇ ಬಿಟ್ಟಿದ್ದರೆ, ಪಕ್ಕದ ಮಡಿ ಬರಿದಾಗಿದ್ದರೂ ಬೇರು ತುಂಬಿ ಯಂತ್ರ ಸೊರಗುತ್ತದೆ. ‘ಡಿಸ್ಕು ಖಾಲಿ ಇದೆಯಲ್ಲ!’ ಎಂದು ಆಶ್ಚರ್ಯಪಡುವವರು ಈ ಬದುವನ್ನು ಮರೆತಿರುತ್ತಾರೆ.

ಹಾಗಾದರೆ ತುಂಬುವುದು ಯಾವುದರಿಂದ? ನಾವು ಇಟ್ಟ ಚಿತ್ರಗಳು, ಹಾಡುಗಳು, ಸಿನಿಮಾಗಳಿಂದಲೇ ಎಂದು ನಮ್ಮ ಊಹೆ. ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ನಮಗೆ ಇದಕ್ಕೊಂದು ಉಪಮೆ ಹತ್ತಿರದಲ್ಲಿಯೇ ಇದೆ. ತುಂಗಭದ್ರಾ ಜಲಾಶಯದಲ್ಲಿ ೧೯೫೩ರಲ್ಲಿ ನೀರು ನಿಲ್ಲಿಸಿದಾಗ ಅದು ಸುಮಾರು ೧೩೩ ಟಿ.ಎಂ.ಸಿ. ಹಿಡಿಯುತ್ತಿತ್ತು, ಈಗ ಹಿಡಿಯುವುದು ಸುಮಾರು ೧೦೫ ಮಾತ್ರ. ಉಳಿದ ಜಾಗವನ್ನು ಯಾರೂ ಬೇಡದ ಹೂಳು ಆಕ್ರಮಿಸಿಕೊಂಡಿದೆ. ಗಣಕಯಂತ್ರದಲ್ಲಿಯೂ ಹೂಳು ಹೀಗೆಯೇ ಸದ್ದಿಲ್ಲದೆ ಬಂದು ಕೂಡುತ್ತದೆ. ಯಂತ್ರವು ತಾನು ಮಾಡಿದ್ದನ್ನೆಲ್ಲ ಬರೆದಿಡುವ ‘ಲಾಗ್’ ಎಂಬ ದಿನಚರಿ, ಇಳಿಸಿಕೊಂಡು ಬಳಸಿ ಬಿಟ್ಟ ತಂತ್ರಾಂಶಗಳ ಪೊಟ್ಟಣಗಳು, ಹಳೆಯ ಕರ್ನೆಲುಗಳು, ಕಸದ ಬುಟ್ಟಿಗೆ ಹಾಕಿ ಮರೆತ ಕಡತಗಳು, ಇವೇ ಆ ಹೂಳು.

ತುಂಬುವುದೂ ನಿಧಾನವಾಗುವುದೂ

ಇವೆರಡು ಬೇರೆ ಬೇರೆ ರೋಗಗಳು. ಕೆಲವು ವೇಳೆ ಜೊತೆಯಾಗಿ ಬರುತ್ತವೆ. ಬೇರು ತುಂಬಿದಾಗ ತಾತ್ಕಾಲಿಕ ಕಡತಗಳನ್ನು ಬರೆಯಲು ಸ್ಥಳವಿರುವುದಿಲ್ಲ. ಹೊಸ ತಂತ್ರಾಂಶದ ಅಳವಡಿಕೆ ಅರ್ಧಕ್ಕೆ ನಿಲ್ಲುತ್ತದೆ. ಗುಪ್ತಪದ ಸರಿಯಾಗಿಯೇ ಕೊಟ್ಟರೂ ಪ್ರವೇಶದ ತೆರೆ ಮರಳಿ ಮರಳಿ ಬರುತ್ತದೆ. ಕೇವಲ ನಿಧಾನವಾದರೆ ಕಾರಣ ಬೇರೆಯೂ ಇರಬಹುದು. ಮುಖ್ಯ ಸ್ಮರಣೆ ಸಾಲದಾದಾಗ ಯಂತ್ರವು ಡಿಸ್ಕನ್ನೇ ಸ್ಮರಣೆಯಂತೆ ಬಳಸತೊಡಗುತ್ತದೆ. ಹಳೆಯ ಹಾರ್ಡ್ ಡಿಸ್ಕು ತಿರುಗುವ ತಟ್ಟೆ. ಅದರ ಓದುವ ಮುಳ್ಳು ಅತ್ತಿತ್ತ ಸರಿದೇ ಕೆಲಸ ಮಾಡಬೇಕು. ಆದಕಾರಣ ಸ್ಮರಣೆಯ ಕೆಲಸ ಅದರ ಮೇಲೆ ಬಿದ್ದಾಗ ಯಂತ್ರ ಏದುಸಿರು ಬಿಡುತ್ತದೆ. ಜಾಗ ತೆರವು ಮಾಡಿದ ಮಾತ್ರಕ್ಕೆ ಈ ಎರಡನೆಯ ರೋಗ ವಾಸಿಯಾಗುವುದಿಲ್ಲ.

ಪರೀಕ್ಷೆಯ ಕ್ರಮ

ಕೆಳಗಿನ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್ಲಿನಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಬೇಕು. ಪ್ರವೇಶದ ತೆರೆಯೇ ದಾಟಲಾಗದಿದ್ದರೆ ಕಂಟ್ರೋಲ್, ಆಲ್ಟ್ ಮತ್ತು ಎಫ್-೩ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರಗಳಷ್ಟೇ ಇರುವ ಕಪ್ಪು ತೆರೆ ಸಾಮಾನ್ಯವಾಗಿ ದೊರೆಯುತ್ತದೆ.

ಮೊದಲನೆಯದಾಗಿ, ‘ಡಿಎಫ್ -ಎಚ್’ ಎಂದು ಕೇಳಬೇಕು. ಪ್ರತಿಯೊಂದು ಪಾರ್ಟಿಷನ್ನಿನ ಅಳತೆ, ಬಳಕೆ, ಉಳಿಕೆಗಳನ್ನು ಅದು ಸಾಲುಸಾಲಾಗಿ ತೋರಿಸುತ್ತದೆ. ಬರಿಯ ಓರೆಗೆರೆ ಇರುವ ಸಾಲೇ ಬೇರಿನದು. ಬಳಕೆ ಮತ್ತು ಉಳಿಕೆ ಕೂಡಿಸಿದರೆ ಒಟ್ಟು ಅಳತೆಗೆ ಸರಿಹೊಂದದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಲಿನಕ್ಸಿನಲ್ಲಿ ಬಹುವಾಗಿ ಬಳಸುವ ಎಕ್ಸ್ಟ್-೪ ಎಂಬ ಪದ್ಧತಿಯು ನೂರಕ್ಕೆ ೫ ಭಾಗವನ್ನು ಆಡಳಿತಗಾರನಿಗೆಂದು ಮೀಸಲಿಡುತ್ತದೆ. ಮನೆಯಲ್ಲಿ ಬಿತ್ತನೆಯ ಬೀಜವನ್ನು ಊಟಕ್ಕೆ ಮುಟ್ಟದಿರುವ ಹಾಗೆ ಇದು. ಆಪತ್ತಿನಲ್ಲಿ ಒಳಹೊಕ್ಕು ದುರಸ್ತಿ ಮಾಡಲು ಈ ಮೀಸಲೇ ನೆರವಾಗುತ್ತದೆ.

ಎರಡನೆಯದಾಗಿ, ‘ಡಿಎಫ್ -ಐ’ ಎಂಬುದು. ಪ್ರತಿಯೊಂದು ಕಡತಕ್ಕೂ ಐನೋಡ್ ಎಂಬ ಒಂದು ಚೀಟಿ ಬೇಕು. ಗೋದಾಮಿನಲ್ಲಿ ಜಾಗವಿದ್ದರೂ ಚೀಟಿಗಳು ಮುಗಿದರೆ ಹೊಸ ಚೀಲ ಇಳಿಸಲಾಗದು. ಲಕ್ಷಗಟ್ಟಲೆ ಪುಟ್ಟ ಕಡತಗಳು ಕೂಡಿಬಿದ್ದಾಗ ಹೀಗಾಗುತ್ತದೆ.

ಮೂರನೆಯದಾಗಿ, ಜಾಗ ಎಲ್ಲಿ ಹೋಯಿತೆಂದು ಹುಡುಕಬೇಕು. ‘ಸುಡೋ ಡಿಯು -ಎಕ್ಸ್ -ಎಚ್ -ಡಿ ೧ /’ ಎಂದರೆ ಬೇರಿನಿಂದ ಒಡೆದ ಒಂದೊಂದು ಕೊಂಬೆಯ ತೂಕವೂ ತಿಳಿಯುತ್ತದೆ. ಇಲ್ಲಿಯ ‘ಎಕ್ಸ್’ ಬಹಳ ಮುಖ್ಯ. ಬದುವಿನಾಚೆಯ ಮಡಿಗಳನ್ನು ಲೆಕ್ಕಕ್ಕೆ ಹಿಡಿಯಬೇಡವೆಂದು ಅದು ಹೇಳುತ್ತದೆ. ಅತಿ ಭಾರವಾದ ಕೊಂಬೆ ಯಾವುದೋ ಅದರೊಳಗೆ ಇದೇ ಪ್ರಶ್ನೆಯನ್ನು ಮತ್ತೆ ಕೇಳುತ್ತ ಹೋದರೆ ಮೂರು ನಾಲ್ಕು ಹೆಜ್ಜೆಗಳಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ.

ಡಿಎಫ್ ಹೇಳುವ ಬಳಕೆಗೂ ಡಿಯು ಕೂಡಿಸುವ ಮೊತ್ತಕ್ಕೂ ಬಹಳ ಅಂತರವಿದ್ದರೆ ಎರಡು ಸಂದೇಹಗಳನ್ನು ಪಡಬಹುದು. ಕಡತವನ್ನು ಅಳಿಸಿದರೂ ಯಾವುದೋ ಕಾರ್ಯಕ್ರಮ ಅದನ್ನು ತೆರೆದು ಹಿಡಿದುಕೊಂಡಿದ್ದರೆ ಜಾಗ ಬಿಡುಗಡೆಯಾಗುವುದಿಲ್ಲ. ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಸಾಕು. ಇನ್ನೊಂದು, ಹೊರಗಿನ ಡಿಸ್ಕನ್ನು ಜೋಡಿಸದೆ ಇದ್ದಾಗ ಅದಕ್ಕೆಂದು ಬರೆದ ನಕಲುಗಳು ಬೇರಿನಲ್ಲಿಯೇ ಬಿದ್ದಿದ್ದು, ಆಮೇಲೆ ಡಿಸ್ಕು ಜೋಡಿಸಿದಾಗ ಅದರ ಕೆಳಗೆ ಮುಚ್ಚಿಹೋಗಿರುವುದು. ಹೊರಗಿನ ಡಿಸ್ಕನ್ನು ಕಳಚಿ ನೋಡಿದರೆ ಅವು ಕಾಣುತ್ತವೆ.

ನಿಧಾನದ ಪರೀಕ್ಷೆಗೆ ‘ಫ್ರೀ -ಎಚ್’ ಮತ್ತು ‘ಟಾಪ್’ ಎಂಬ ಆಜ್ಞೆಗಳಿವೆ. ಮೊದಲನೆಯದು ಸ್ಮರಣೆ ಎಷ್ಟು ಉಳಿದಿದೆಯೆಂದು ಹೇಳುತ್ತದೆ. ಎರಡನೆಯದರ ಮೇಲ್ಭಾಗದಲ್ಲಿ ‘ಡಬ್ಲ್ಯೂ ಎ’ ಎಂಬ ಅಕ್ಷರಗಳ ಬಳಿಯ ಅಂಕಿ ಸದಾ ದೊಡ್ಡದಾಗಿದ್ದರೆ, ಯಂತ್ರದ ಮೆದುಳು ಡಿಸ್ಕಿಗಾಗಿ ಕಾಯುತ್ತ ಕುಳಿತಿದೆಯೆಂದು ಅರ್ಥ.

ಒಂದು ಉದಾಹರಣೆ

ಹಿರೇಕೊಟ್ನೆಕಲ್ಲಿನಲ್ಲಿ ನನ್ನ ಸೋದರಮಾವನವರ ಬಳಿ ಇಂಥದೇ ಒಂದು ಲ್ಯಾಪ್‌ಟಾಪಿದೆ. ಅವರು ಹಲವು ವರ್ಷ ಮೊಹರಂ ಹಬ್ಬದಲ್ಲಿ ಊರಿನ ಹಿರಿಯರು ಹಾಡಿದ ರಿವಾಯತ್ ಪದಗಳನ್ನು ಮೊಬೈಲಿನಲ್ಲಿ ಹಿಡಿದು ಅದರಲ್ಲಿ ಕೂಡಿಟ್ಟಿದ್ದರು. ಹಾಡಿದವರಲ್ಲಿ ಇಬ್ಬರು ಈಗ ಇಲ್ಲ. ಯಂತ್ರ ನಿಂತಾಗ ಪಟ್ಟಣದ ಅಂಗಡಿಯೊಂದರಲ್ಲಿ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕಾಗುತ್ತದೆ ಎಂದರು. ಮಾವನವರು, “ಯಂತ್ರ ಹೋದ್ರ ಹೋಗ್ಲಿ. ಪದ ಹೋದ್ರ ಮತ್ತ ಹಾಡೋರು ಯಾರ್ ಅದಾರ?” ಎಂದು ಅದನ್ನು ಹಾಗೆಯೇ ಮರಳಿ ತಂದರು.

ಮೊದಲು ಪದಗಳನ್ನೆಲ್ಲ ಪೆನ್ ಡ್ರೈವಿಗೆ ನಕಲು ಮಾಡಿಕೊಂಡು ಪರೀಕ್ಷೆಗೆ ತೊಡಗಿದೆವು. ಬೇರು ೪೦ ಜಿ.ಬಿ.; ಬಳಕೆ ನೂರಕ್ಕೆ ನೂರು. ಎಲ್ಲರೂ ಪದಗಳ ಮೇಲೆಯೇ ಸಂದೇಹಪಟ್ಟಿದ್ದರು. ಅವುಗಳ ತೂಕ ೩ ಜಿ.ಬಿ. ಸಹ ಇರಲಿಲ್ಲ. /ವಾರ್ ಒಳಗಿನ ಲಾಗ್ ಎಂಬ ಕೋಶವೊಂದೇ ೨೪ ಜಿ.ಬಿ. ನುಂಗಿತ್ತು! ಆ ದಿನಚರಿಯ ಕೊನೆಯ ಸಾಲುಗಳನ್ನು ‘ಟೇಲ್’ ಎಂಬ ಆಜ್ಞೆಯಿಂದ ಓದಿದಾಗ, ಪಿಸಿಐಇ ಬಸ್ಸಿನಲ್ಲಿ ದೋಷ ಕಂಡಿತು, ದೋಷ ಸರಿಪಡಿಸಲಾಯಿತು ಎಂಬ ಒಂದೇ ವರದಿ ಎಡೆಬಿಡದೆ ಬರೆದುಕೊಂಡಿತ್ತು. ಬಸ್ಸೆಂದರೆ ಇಲ್ಲಿ ಯಂತ್ರದ ಅಂಗಗಳು ಪರಸ್ಪರ ಸುದ್ದಿ ಸಾಗಿಸುವ ದಾರಿ. ಇದು ಕೆಲವು ಲ್ಯಾಪ್‌ಟಾಪುಗಳಲ್ಲಿ ಲಿನಕ್ಸ್ ಬಳಸುವವರಿಗೆ ಪರಿಚಿತವಾದ ತೊಂದರೆ. ಸಿಸ್‌ಲಾಗ್, ಕರ್ನ್‌ಲಾಗ್, ಜರ್ನಲ್ ಎಂಬ ಮೂರು ಪುಸ್ತಕಗಳಲ್ಲಿಯೂ ಅದೇ ವರದಿ ದಾಖಲಾಗುತ್ತಿತ್ತು. ಡಿಸ್ಕಿನ ಮುಳ್ಳಿಗೆ ಹಗಲೆಲ್ಲ ಇದನ್ನು ಬರೆಯುವುದೇ ಕೆಲಸ. ತುಂಬಿದ್ದಕ್ಕೂ ನಿಧಾನವಾದದ್ದಕ್ಕೂ ಇಲ್ಲಿ ಕಾರಣ ಒಂದೇ ಆಗಿತ್ತು.

ದಿನಚರಿಗಳನ್ನು ತೆಗೆದುಹಾಕದೆ ‘ಟ್ರಂಕೇಟ್ -ಎಸ್ ೦’ ಎಂಬ ಆಜ್ಞೆಯಿಂದ ಬರಿದು ಮಾಡಿದೆವು. ಬರೆಯುವ ಕಾರ್ಯಕ್ರಮವು ಆ ಕಡತವನ್ನು ತೆರೆದುಕೊಂಡೇ ಇರುವುದರಿಂದ ಹೀಗೆ ಮಾಡುವುದೇ ಲೇಸು. ಜರ್ನಲನ್ನು ‘ಜರ್ನಲ್‌ಸಿಟಿಎಲ್’ ಆಜ್ಞೆಗೆ ‘--ವ್ಯಾಕ್ಯೂಮ್-ಸೈಜ್=೨೦೦ಎಂ’ ಎಂದು ಸೇರಿಸಿ ಕಿರಿದುಗೊಳಿಸಿದೆವು; ಇಲ್ಲಿಯ ‘ಎಂ’ ಮಾತ್ರ ದೊಡ್ಡ ಅಕ್ಷರ. ಇಷ್ಟಕ್ಕೇ ಬಿಟ್ಟಿದ್ದರೆ ಹೂಳು ಮತ್ತೆ ಕೂಡುತ್ತಿತ್ತು. ಆದುದರಿಂದ ಯಂತ್ರ ಚಾಲೂ ಆಗುವಾಗ ಕರ್ನೆಲಿಗೆ ಕೊಡುವ ಸೂಚನೆಗಳಲ್ಲಿ ‘ಪಿಸಿಐ=ನೋಎಇಆರ್’ ಎಂಬುದನ್ನು ಸೇರಿಸಿದೆವು. ಇದು ಆ ವರದಿಗಳನ್ನು ನಿಲ್ಲಿಸುತ್ತದೆ. ದೋಷವನ್ನು ಯಂತ್ರ ತಾನೇ ಸರಿಪಡಿಸಿಕೊಳ್ಳುತ್ತಿದ್ದುದರಿಂದ ವರದಿ ನಿಲ್ಲಿಸಿದರೆ ಸಾಕಾಗಿತ್ತು. ಸರಿಪಡದ ದೋಷವಾಗಿದ್ದರೆ ಬಾಯಿ ಮುಚ್ಚಿಸುವುದು ತಪ್ಪಾಗುತ್ತಿತ್ತು. ಯಂತ್ರವು ಹೊಸದರಂತೆ ಓಡುವುದಿಲ್ಲ, ಅದರ ಸ್ಮರಣೆ ೪ ಜಿ.ಬಿ. ಮಾತ್ರ, ಆದರೆ ಕೆಲಸಕ್ಕೆ ಬರುತ್ತದೆ. ಪದಗಳು ಉಳಿದಿವೆ.

ಮಾಡಬಹುದಾದುದು, ಮಾಡಬಾರದುದು

ನಿರ್ಭಯವಾಗಿ ತೆಗೆಯಬಹುದಾದ ಹೂಳೂ ಇದೆ. ಉಬುಂಟು ಮುಂತಾದವುಗಳಲ್ಲಿ ‘ಸುಡೋ ಎಪಿಟಿ ಕ್ಲೀನ್’ ಎಂದರೆ ಇಳಿಸಿಕೊಂಡ ಪೊಟ್ಟಣಗಳು ಹೋಗುತ್ತವೆ. ‘ಸುಡೋ ಎಪಿಟಿ ಆಟೋರಿಮೂವ್’ ಎಂದರೆ ಬೇಡವಾದ ಹಳೆಯ ಕರ್ನೆಲುಗಳು ಹೋಗುತ್ತವೆ. ಎರಡನೆಯದು ಅಳಿಸುವ ಮೊದಲು ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ. ಆ ಪಟ್ಟಿಯನ್ನು ಓದದೆ ಹೂಂ ಎನ್ನಬಾರದು. ಕಸದ ಬುಟ್ಟಿಯನ್ನೂ ಒಮ್ಮೆ ತೆರೆದು ನೋಡಿ ಬರಿದು ಮಾಡಬಹುದು. ಆದರೆ /ಯುಎಸ್‌ಆರ್, /ಇಟಿಸಿ, /ಬೂಟ್ ಇವುಗಳೊಳಗೆ ಕೈಯಾರೆ ಒಂದು ಕಡತವನ್ನೂ ಅಳಿಸಬಾರದು. ಹೆಸರು ತಿಳಿಯದ ಕಡತ ಬೇಡದ ಕಡತವೆಂದು ಭಾವಿಸಬಾರದು. ‘ಆರ್‌ಎಂ’ ಎಂಬ ಆಜ್ಞೆಯು ಅಳಿಸಿದ್ದನ್ನು ಕಸದ ಬುಟ್ಟಿಗೂ ಹಾಕುವುದಿಲ್ಲ. ಮರಳಿ ಪಡೆಯುವ ದಾರಿ ಬಹುಮಟ್ಟಿಗೆ ಇಲ್ಲ.

ಮುಂದಿನ ದಿನಗಳಿಗಾಗಿ, ವ್ಯವಸ್ಥೆಯನ್ನು ಮೊದಲಿಗೆ ಹಾಕಿಸುವಾಗಲೇ /ಹೋಮನ್ನು ಬೇರೆ ಮಡಿಯಾಗಿ ಮಾಡಿಸುವುದು ಒಳ್ಳೆಯದು. ಆಗ ಬೇರನ್ನು ಹೊಸದಾಗಿ ಹಾಕಿದರೂ ನಮ್ಮ ಕಡತಗಳು ಉಳಿಯುತ್ತವೆ. ತಿಂಗಳಿಗೊಮ್ಮೆ ‘ಡಿಎಫ್ -ಎಚ್’ ನೋಡುವ ರೂಢಿಯಿರಲಿ. ಮತ್ತೊಂದು ಕಡೆ ನಕಲಿಲ್ಲದ ಕಡತವನ್ನು ಇಲ್ಲದ ಕಡತವೆಂದೇ ಎಣಿಸಬೇಕು.

ನಮ್ಮಲ್ಲಿ ಅನೇಕರು ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಗಣಕಯಂತ್ರದ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಏನಾದರೂ ಮೂಡಿದರೆ, ‘ಇದೇನು ಬರದದ ನೋಡು’ ಎಂದು ಮನೆಯವರು ನಮ್ಮನ್ನೇ ಕರೆಯುತ್ತಾರೆ. ನಾವು ಅಳೆದು ನೋಡಿ ಹೇಳುವ ಒಂದು ಮಾತಿನಿಂದ ಅವರಿಗೆ ಕೆಲವು ಸಾವಿರ ರೂಪಾಯಿಗಳು ಉಳಿಯಬಹುದು. ಹಣ ಕೊಟ್ಟರೂ ಮತ್ತೆ ಸಿಗದಂಥದೂ ಉಳಿಯಬಹುದು. ಈ ಪರೀಕ್ಷೆಗೆ ವಿಜ್ಞಾನದ ಪದವಿ ಬೇಕಿಲ್ಲ. ಓದಲು ಬರಬೇಕು, ಲೆಕ್ಕ ಕೂಡಿಸಲು ಬರಬೇಕು, ಅಳಿಸುವ ಕೀಲಿಯ ಮೇಲೆ ಬೆರಳಿಡುವ ಮೊದಲು ಸ್ವಲ್ಪ ತಾಳ್ಮೆ ಇರಬೇಕು.